ಸಿದ್ದೇಶ್ವರಿ ಹೇಳಿದ ಕಥೆಯ ಹೀರೋ

ಭಾಲ್ಕಿಯ ಕೋಟೆ ಹಿಂದಿನ ಗಲ್ಲಿಯಲ್ಲಿ ಸಿದ್ದೇಶ್ವರಿಯ ಹೊಲಿಗೆ ಕ್ಲಾಸು ಎಂದರೆ ಆಟೋದವರು ಮರುಮಾತಿಲ್ಲದೆ ತಂದು ಬಿಡುತ್ತಾರೆ. ಹೊರಗಿನ ಕೋಣೆಯಲ್ಲಿ ನಾಲ್ಕಾರು ಮಷೀನುಗಳು, ಗೋಡೆಯುದ್ದಕ್ಕೂ ತೂಗುಹಾಕಿದ ಅರೆ ಹೊಲಿದ ಬ್ಲೌಸುಗಳು. ಒಳಗಿನ ಕೋಣೆಯಲ್ಲಿ ಆಕೆಯ ಸಂಸಾರ. ಸಂಸಾರವೆಂದರೆ ಆಕೆಯೊಬ್ಬಳೇ. ವಯಸ್ಸು ನಲವತ್ತೈದರ ಆಚೆ. ಚಿಂತಾಕಿ ಎಂಬ ಹಳ್ಳಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಬಯಲಿನಲ್ಲಿ ಕೂಗಿ ಕೂಗಿ ಬೆಳೆದವಳಾದ್ದರಿಂದ ದನಿ ಈಗಲೂ ಗಲ್ಲಿಯ ತುದಿಗೆ ಕೇಳಿಸುತ್ತದೆ. ಎಡಗೈಯ ನಡುಬೆರಳು ಮಡಚುವುದಿಲ್ಲ. ಯಾವಾಗಲೋ ಮಷೀನಿನ ಸೂಜಿ ಹೊಕ್ಕಿರಬೇಕು ಎಂದು ಹುಡುಗಿಯರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿಕೊಂಡಿದ್ದರು. ಆಕೆ ಹೌದೆಂದೂ ಅಂದಿರಲಿಲ್ಲ, ಅಲ್ಲವೆಂದೂ ಅಂದಿರಲಿಲ್ಲ.

ಊಟದ ನಂತರದ ಹೊತ್ತು ಕ್ಲಾಸಿನಲ್ಲಿ ಕಥೆಯ ಹೊತ್ತು. ಸಪನಾ ಎಂಬ ಹುಡುಗಿ ತನ್ನ ಮೊಬೈಲನ್ನು ಸ್ಟೀಲಿನ ಡಬರಿಯೊಳಗೆ ನಿಲ್ಲಿಸುತ್ತಿದ್ದಳು. ಹಾಗೆ ಇಟ್ಟರೆ ದನಿ ದೊಡ್ಡದಾಗುತ್ತದೆ. ಒಂದು ಹೆಣ್ಣುದನಿ ಮೆತ್ತಗೆ, ಉಸಿರೆಳೆದು ಬಿಡುತ್ತ, ಒಂದು ಪ್ರೇಮಕಥೆಯನ್ನು ಕಂತು ಕಂತಾಗಿ ಓದುತ್ತಿತ್ತು. ಬೆಂಗಳೂರಿನ ಒಬ್ಬ ಕೋಟ್ಯಧೀಶ, ಅವನ ಆಫೀಸಿಗೆ ಕೆಲಸಕ್ಕೆ ಬಂದ ಒಬ್ಬ ಬಡ ಹುಡುಗಿ. ಕೋಟ್ಯಧೀಶನಿಗೆ ಈ ಹುಡುಗಿಯರು ಇಟ್ಟ ಹೆಸರು ಸಾಹೇಬ. ‘ಇವತ್ತ ಸಾಹೇಬ ಏನ್ ಮಾಡ್ತಾನೋ’ ಎಂದು ಬೆಳಗಿನಿಂದಲೇ ಮಾತು ಶುರುವಾಗುತ್ತಿತ್ತು.

ಸಿದ್ದೇಶ್ವರಿ ಅದನ್ನು ಅರೆಕಿವಿಯಲ್ಲಿ ಕೇಳುತ್ತ ಬಟ್ಟೆ ಕತ್ತರಿಸುತ್ತಿದ್ದಳು. ಸಾಹೇಬ ಹುಡುಗಿಯ ಹಿಂದೆ ಕಾರಿನಲ್ಲಿ ಬಂದ. ಸಾಹೇಬ ಅವಳ ಗೆಳೆಯನನ್ನು ಕೆಲಸದಿಂದ ತೆಗೆಸಿದ. ಸಾಹೇಬ ಅವಳ ಮೊಬೈಲನ್ನು ಗೋಡೆಗೆ ಎಸೆದು ಒಡೆದ. ಒಂದು ಮಧ್ಯಾಹ್ನ ಅವನು ಅವಳನ್ನು ಊರಾಚೆಯ ಬಂಗಲೆಗೆ ಎತ್ತಿಕೊಂಡು ಹೋಗಿ, ಬಾಗಿಲಿಗೆ ಕೀಲಿ ಹಾಕಿ, ‘ನೀನು ನನ್ನವಳು, ಗಾಳಿ ಕೂಡ ನಿನ್ನನ್ನು ನನ್ನ ಕೇಳಿ ಮುಟ್ಟಬೇಕು’ ಎಂದ. ಅಲ್ಲಿಗೆ ಕಂತು ಮುಗಿಯಿತು. ಹುಡುಗಿಯರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

“ಥೂ ಹಲ್ಕಟ್ ಇದ್ದಾನಲ್ಲ ಇಂವ,” ಅಂದಳು ಸಿದ್ದೇಶ್ವರಿ. “ಇಷ್ಟ್ ದಿನ ಆಯ್ತು ಕೇಳ್ಲಕತ್ತು, ಹೀರೋ ಯಾವಾಗ ಬರ್ತಾನ? ಅಕೀನ ಬಿಡಸಲಾಕ ಯಾರರೆ ಬರಬೇಕಲ್ಲ?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಪನಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಕ್ಕಾ, ಇವನೇ ಹೀರೋ ಅದಾನ್ರಿ!”

“ಯಾಂವ?”

“ಸಾಹೇಬ್ರಿ. ಅಂವಗ ಅಕಿ ಮ್ಯಾಲ ಅಷ್ಟ್ ಪ್ರೀತಿ. ಹಿಂಗಾಗೇ ಹಂಗ್ ಮಾಡ್ತಾನ.”

ಸಿದ್ದೇಶ್ವರಿಯ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು. ಇವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎಲ್ಲರ ಮುಖ ನೋಡಿದಳು. ತಮಾಷೆಯಲ್ಲ. ಕಿಟಕಿಯ ಬಳಿ ಕೂತಿದ್ದ ಮನಿಷಾಳ ಕಣ್ಣಂತೂ ಒದ್ದೆಯಾಗಿತ್ತು. ಮನಿಷಾ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆಂದ ಹೊಲಿಯುವವಳು. ಹತ್ತಿರದ ಹಳ್ಳಿಯ ಬಕ್ಕಪ್ಪನೆಂಬ ಕುರಿಗಾರನ ಮಗಳು, ಡಿಗ್ರಿ ಮುಗಿಸಿದ್ದಳು. ಬೀದರಿನ ಕೊಳಾರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ರವಿಕಿರಣ ಎಂಬುವನ ಜೊತೆ ನಿಶ್ಚಯವಾಗಿತ್ತು.

“ಎಲ್ಲಾರಿಗೂ ಹಂಗ ಪ್ರೀತಿ ಮಾಡೋರು ಸಿಗಂಗಿಲ್ರಿ ಅಕ್ಕಾ,” ಅಂದಳು ಮನಿಷಾ ಮೂಗು ಒರೆಸಿಕೊಂಡು. “ನಸೀಬ್ ಬೇಕು.”

ಸಿದ್ದೇಶ್ವರಿ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದಳು. ಇಪ್ಪತ್ತು ವರ್ಷಗಳಿಂದ ಈ ಗಲ್ಲಿಯಲ್ಲಿ ಯಾರಿಗೂ ಹೇಳದೆ ಹೊಟ್ಟೆಯೊಳಗೆ ಅದುಮಿಟ್ಟುಕೊಂಡಿದ್ದ ಸಂಗತಿಯನ್ನು ಯಾರೋ ಕದ್ದು, ಮೆತ್ತಗಿನ ದನಿಯಲ್ಲಿ ಓದಿಸಿ, ಹಿನ್ನೆಲೆಗೆ ಕೊಳಲು ಬಾರಿಸಿದ ಹಾಗಿತ್ತು.

ಮರುದಿನ ಮಧ್ಯಾಹ್ನ ಕರೆಂಟು ಹೋಗಿ, ಸಪನಾಳ ಮೊಬೈಲಿನ ಚಾರ್ಜೂ ತೀರಿತ್ತು. ಹುಡುಗಿಯರಿಗೆ ಕೈಕಟ್ಟಿ ಹಾಕಿದಂತಾಯಿತು. “ಅಕ್ಕಾ, ನೀವರೆ ಒಂದ್ ಕಥಿ ಹೇಳ್ರಿ,” ಎಂದು ದುಂಬಾಲು ಬಿದ್ದರು.

ಸಿದ್ದೇಶ್ವರಿ ಕೈಯಲ್ಲಿದ್ದ ಬಟ್ಟೆ ಮಡಚಿ ಬದಿಗಿಟ್ಟಳು. ಆಮೇಲೆ ಶುರುಮಾಡಿದಳು.

“ಔರಾದಿನ್ಯಾಗ ಒಬ್ಬಾಂವ ಇದ್ದ. ಅರಬಿ ಅಂಗಡಿ ಅವಂದು, ಸೀರಿ ಕುಪ್ಪಸ ಮಾರ್ತಿದ್ದ. ನೋಡ್ಲಾಕ ಭಾಳ ಛಲೋ, ಮಾತೂ ಅಷ್ಟೇ ಮೆತ್ತಗ. ಒಂದ್ ಹುಡುಗಿ ತನ್ನ ಅಪ್ಪನ ಕೂಡ ಅಂಗಡಿಗಿ ಬಂದಿದ್ಳು. ಕುರಿ ಕಾಯೋರ ಹುಡುಗಿ. ಅಕೀನ ನೋಡಿದ್ದೇ ನೋಡಿದ್ದು, ಮರುದಿನದಿಂದ ಅಕಿ ಊರಿಗಿ ಬಂದು ಬಾವಿ ಕಟ್ಟಿ ಮ್ಯಾಲ ಕುಂಡರಲಾಕ ಶುರು ಮಾಡ್ದ. ಬಿಸಲಿಲ್ಲ, ಮಳಿ ಇಲ್ಲ. ಆ ಹುಡುಗಿ ಬ್ಯಾಡ ಅಂದ್ಳು. ಆದ್ರೂ ಬಂದ.”

“ಅಯ್ಯಯ್ಯೋ, ಎಷ್ಟ್ ಛಲೋ ಅದರಿ!” ಎಂದಳು ಸಪನಾ.

“ಕಡೀಕ ಅಕಿ ಹೂಂ ಅಂದ್ಳು, ಮದಿವಿ ಆಯ್ತು. ಅಂವಗ ಅಕೀನ ಬಿಟ್ಟ್ ಇರ್ಲಾಕೇ ಆಗ್ತಿದ್ದಿಲ್ಲ. ಯಾವ ಸೀರಿ ಉಡಬೇಕು ಅಂವನೇ ಹೇಳ್ತಿದ್ದ. ಅಕಿ ತಂಗಿ ಬಂದ್ರ ಸಿಟ್ಟ್ ಬರ್ತಿತ್ತು. ‘ನನಗಿಂತ ಅಕೀನೇ ಹೆಚ್ಚೇನ ನಿನಗ?’ ಅಂತಿದ್ದ. ಅಂಗಡಿಗಿ ಹೋಗಾಗ ಬಾಗಲಿಗಿ ಹೊರಗಿಂದ ಕೀಲಿ ಹಾಕಿ ಹೋಗ್ತಿದ್ದ. ‘ನಿನ್ನ ಯಾರರೆ ಕಸಕೊಂಡ್ ಹೋದ್ರ?’ ಅಂತಿದ್ದ. ಒಂದ್ ದಿನ ಅಕಿ ತವರಿಗಿ ಹೋಗ್ತೇನಿ ಅಂದ್ರ, ಬ್ಲೇಡ್ ತಗೊಂಡು ತನ್ನ ಕೈ ಮ್ಯಾಲೇ ಎಳಕೊಂಡ. ‘ನೀ ಹ್ವಾದ್ರ ನಾ ಸಾಯ್ತೇನಿ’ ಅಂದ.”

ಮಷೀನುಗಳೆಲ್ಲ ನಿಂತಿದ್ದವು. ಹುಡುಗಿಯರು ಕೆನ್ನೆಗೆ ಕೈ ಹಚ್ಚಿ ಕೂತಿದ್ದರು. ಮನಿಷಾ ಮುಂದೆ ಸರಿದು ಬಂದಿದ್ದಳು.

“ಆಮ್ಯಾಲ್ರಿ ಅಕ್ಕಾ? ಅಕಿ ಹೋಗ್ಲಿಲ್ಲಲ್ರಿ? ಅಷ್ಟ್ ಪ್ರೀತಿ ಮಾಡೋನ್ ಬಿಟ್ಟು ಹ್ಯಾಂಗ ಹೋಗ್ತಾಳ್ರಿ?”

ಇವರು ಇಷ್ಟು ಹೊತ್ತಿಗೆ ಹೆದರುತ್ತಾರೆ, ‘ಪಾಪ’ ಎನ್ನುತ್ತಾರೆ ಎಂದು ಸಿದ್ದೇಶ್ವರಿ ಎಣಿಸಿದ್ದಳು. ಒಬ್ಬಳೂ ಹೆದರಿರಲಿಲ್ಲ.

“ಹೋಗ್ಲಿಲ್ಲವ್ವಾ. ಒಂದ್ ಮಧ್ಯಾಹ್ನ ಅಕಿ ಒಳಗಿದ್ಳು, ಹೊರಗ ಕೀಲಿ. ಸ್ಟೋವ್ ಸಿಡೀತು. ಪರದಿಗಿ ಬೆಂಕಿ ಹತ್ತಿ ಮನಿ ತುಂಬ ಹೊಗಿ. ಅಕಿ ಕಿಡಕಿ ಹಿಡದು ಒದರ್ಲಾಕತ್ತಳು. ಬಾಜೂ ಮನಿಯ ಮುನೀರೋದ್ದೀನ ಚಾಚಾ ಸೈಕಲ್ ಅಂಗಡಿ ಇಟ್ಟಿದ್ರು. ಸುತಗಿ ತಂದು ಕೀಲಿ ಒಡದು ಅಕೀನ ಹೊರಗ ಎಳದ್ರು. ಗಂಡ ಓಡಿ ಬಂದ. ಅಕಿ ಕಾಲ್ ಹಿಡದು ಅತ್ತ. ಇಡೀ ಗಲ್ಲಿ ನೋಡಿ, ಎಂಥ ಜೀವ ಅದ ಹೆಂಡ್ತಿ ಮ್ಯಾಲ ಅಂತು.”

“ನೋಡ್ರಿ ಮತ್ತ!” ಎಂದು ಮನಿಷಾ ಅಂದೇಬಿಟ್ಟಳು.

“ಮರುದಿನ ಮುಂಜಾನಿ ಅಂವ ಕೇಳ್ದ. ‘ಆ ಮುದುಕ ನಿನ್ನ ಮೈ ಯಾಕ ಮುಟ್ಟಿದ? ನೀ ಯಾಕ ಮುಟ್ಟಿಸಿಕೊಂಡಿ?’ ಅಕಿ, ನಾ ಸಾಯ್ತಿದ್ದೆ ಅಂದ್ಳು. ‘ಸಾಯ್ಬೇಕಿತ್ತು’ ಅಂದ. ಅಂದು, ಅಕಿ ಕೈ ಚೌಕಟ್ಟಿಗಿ ಇಟ್ಟು ಬಾಗಲ ಹಾಕಿದ. ಅಷ್ಟೇ ಮೆತ್ತಗ ಮಾತಾಡ್ಕೋತ.”

ಸಿದ್ದೇಶ್ವರಿ ತನ್ನ ಎಡಗೈ ಎತ್ತಿ ಮುಷ್ಟಿ ಕಟ್ಟಿದಳು. ನಾಲ್ಕು ಬೆರಳು ಮಡಚಿದವು. ನಡುಬೆರಳು ಹಾಗೆಯೇ ಸೆಟೆದು ನಿಂತಿತು.

“ಅಂವನ ಹೆಸರು ಸುಶೀಲಕುಮಾರ. ನನ್ನ ಗಂಡ.”

ಸಪನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಮನಿಷಾಳ ಮೊಬೈಲು ಬಡಿದುಕೊಂಡಿತು. ರವಿಕಿರಣನ ವಿಡಿಯೋ ಕಾಲ್. ಆ ಹೊತ್ತಿಗೆ ಅದು ಬರುವುದು ಕ್ಲಾಸಿನಲ್ಲಿ ಎಲ್ಲರಿಗೂ ರೂಢಿಯಾಗಿದ್ದ ಸಂಗತಿ. ಮನಿಷಾ ಎದ್ದುನಿಂತು, ದಿನಾ ಮಾಡುವಂತೆ, ಮೊಬೈಲನ್ನು ಸುತ್ತಲೂ ತಿರುಗಿಸಿ ಕೋಣೆಯ ಒಂದೊಂದು ಮೂಲೆ ತೋರಿಸಿದಳು. ಬಾಗಿಲು ತೋರಿಸಿದಳು, ಒಳಕೋಣೆ ತೋರಿಸಿದಳು. ದಿನಾ ನಗುತ್ತ ಕೈ ಬೀಸುತ್ತಿದ್ದ ಹುಡುಗಿಯರು ಇವತ್ತು ಗೊಂಬೆಗಳ ಹಾಗೆ ಕೂತಿದ್ದರು.

“ಯಾಕ ಎಲ್ಲಾರು ಸುಮ್ನ ಕುಂತಾರ?” ಅಂದಿತು ಮೊಬೈಲಿನ ದನಿ. “ಯಾರ್ ಬಂದಾರ ಅಲ್ಲಿ?”

ಮೊಬೈಲು ಹಿಡಿದ ಮನಿಷಾಳ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. “ಯಾರೂ ಬಂದಿಲ್ರಿ,” ಎಂದು ಕಾಲ್ ಮುಗಿಸಿ ಕೂತಳು. ಆಮೇಲೆ ಯಾರೂ ಏನೂ ಕೇಳದಿದ್ದರೂ ತಾನೇ ಜೋರಾಗಿ ಅಂದಳು: “ನಮ್ಮವರು ಹಂಗಿಲ್ರಿ ಅಕ್ಕಾ. ಇವರಿಗಿ ಬರೇ ಕಾಳಜಿ.”

“ಇರಬಹುದವ್ವಾ,” ಅಂದಳು ಸಿದ್ದೇಶ್ವರಿ. “ಒಂದ್ ಕೆಲಸ ಮಾಡು. ಯಾವುದರೆ ಒಂದ್ ಸಣ್ಣ ಮಾತಿಗಿ ಇಲ್ಲ ಅಂತ ಹೇಳಿ ನೋಡು. ಛಲೋ ಮನಶಾ ಇದ್ರ ಮುಖ ಸಣ್ಣ ಮಾಡ್ಕೋತಾನ, ಮತ್ತ ಮರೀತಾನ. ನಾ ಬ್ಯಾಡ ಅಂದ್ರೂ ಅಂವ ಬಾವಿ ಕಟ್ಟಿಗಿ ಬಂದು ಕುಂತ, ನಾ ಅದರಾಗ ಏನೂ ನೋಡ್ಲಿಲ್ಲ. ನೋಡಿದ್ರ ಮೊದಲೇ ತಿಳೀತಿತ್ತು.”

ಮನಿಷಾ ಸಿಟ್ಟಿನಿಂದ ಎದ್ದು ಹೋದಳು. ಆಮೇಲೆ ಎರಡು ವಾರ ಕ್ಲಾಸಿಗೆ ಬರಲಿಲ್ಲ.

ಸಿದ್ದೇಶ್ವರಿ ಆ ದಿನಗಳಲ್ಲಿ ಔರಾದಿನ ನೆನಪಿನಲ್ಲೇ ಇದ್ದಳು. ಬೆರಳು ಮುರಿದ ದಿನ ಸುಶೀಲಕುಮಾರ ಆಕೆಯನ್ನು ತಾನೇ ಆಸ್ಪತ್ರೆಗೆ ಕರೆದೊಯ್ದು, ಔಷಧಿ ತರಲು ಆಚೆ ಹೋದಾಗ, ಮುನೀರೋದ್ದೀನ ಚಾಚಾನ ಹೆಂಡತಿ ಮುಸರ್ರತ ಬಂದು ಆಕೆಯ ರಟ್ಟೆ ಹಿಡಿದು ಎಬ್ಬಿಸಿದ್ದಳು. “ಚಲ್ ಬೇಟಿ,” ಎಂದಷ್ಟೇ ಹೇಳಿ ಚಿಂತಾಕಿಯ ಜೀಪಿಗೆ ಹತ್ತಿಸಿದ್ದಳು. ತವರಿನಲ್ಲಿ ತಾಯಿ, ಗಂಡನ ಪ್ರೀತಿ ಸ್ವಲ್ಪ ಬಿರುಸಾಗಿಯೇ ಇರುತ್ತದೆ, ವಾಪಸು ಹೋಗು ಎಂದಳು. ಅಪ್ಪ ಕುರಿಯ ಉಣ್ಣೆ ಕತ್ತರಿಸುತ್ತಿದ್ದವನು ತಲೆ ಎತ್ತದೆ, “ಕುರಿ ಹಟ್ಟಿಗೂ ನಾವು ಕೀಲಿ ಹಾಕಂಗಿಲ್ಲ. ಅಕಿ ಹೋಗಂಗಿಲ್ಲ,” ಎಂದ. ಸುಶೀಲಕುಮಾರ ಬಂದು ಹೊಸ್ತಿಲ ಹೊರಗೆ ಅಳುತ್ತ ಕೂತ. ಊರು ಅವನಿಗಾಗಿ ಮರುಗಿತು. ಅಪ್ಪ ಮಗಳನ್ನು ಭಾಲ್ಕಿಯ ಸೋದರತ್ತೆಯ ಮನೆಗೆ ಸಾಗಿಸಿದ. ಅಲ್ಲಿ ಆಕೆ ಹೊಲಿಗೆ ಕಲಿತು, ಒಂಬತ್ತೇ ಬೆರಳಿನಲ್ಲಿ ಅನ್ನ ದುಡಿದುಕೊಂಡಳು. ಆಮೇಲೆ ಔರಾದಿನ ಮಣ್ಣು ತುಳಿದಿರಲಿಲ್ಲ.

ಒಂದು ಮುಂಜಾನೆ ಮನಿಷಾಳ ಫೋನು ಬಂತು. ದನಿ ಪಿಸುಗುಟ್ಟುತ್ತಿತ್ತು.

“ಅಕ್ಕಾ, ಔರಾದಿನ್ಯಾಗ ಇದ್ದೇನ್ರಿ. ಚಿಗವ್ವನ ಮಗಳ ಅರಿಷಿಣ. ಇವರು ಹೋಗಬ್ಯಾಡ ಅಂದಿದ್ರು. ನೀವು ಹೇಳ್ದಂಗ ಇಲ್ಲ ಅಂದ್ರಿ, ಹೋಗ್ತೇನಿ ಅಂದೆ. ಬೆಳಗಾಗೂದ್ರೊಳಗ ಬೈಕ್ ಮ್ಯಾಲ ಬಂದಾರ್ರಿ. ಎಲ್ಲಾರ ಮುಂದ ನಕ್ಕೋತ ನನ್ನ ಕೈ ಹಿಡಕೊಂಡ್ರು. ಬಳಿ ಒಡೆಯೂ ತನ ಒತ್ತಿದ್ರು. ಬಳಿ ಚೂರು ಒಳಗ ಹೊಕ್ಕದ. ಎಲ್ಲಾರು ನಗ್ಲಾಕತ್ಯಾರ, ಒಂದಿನಾನೂ ಬಿಟ್ಟಿರಲಾಕ ಆಗಂಗಿಲ್ಲ ನೋಡು ಅಂತ.” ಹಿಂದೆ ಎಲ್ಲೋ ಹೆಂಗಸರ ನಗು ಕೇಳಿತು. “ಸಾಹೇಬನ ಕಥಿನ್ಯಾಗ ಬಳಿ ಒಡದಾಗ ಅಕೀಗಿ ನೋವೇ ಆಗ್ತಿದ್ದಿಲ್ರಿ ಅಕ್ಕಾ. ಖರೇ ಭಾಳ ನೋವಾಗ್ತದ್ರಿ.”

ಸಿದ್ದೇಶ್ವರಿ ಉಟ್ಟ ಸೀರೆಯಲ್ಲೇ ಹೊರಟಳು. ಬೀದರಿಗೆ ಬಂದು ಬಸ್ಸು ಬದಲಿಸಿದಳು. ಸಂತಪುರ ದಾಟಿದ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಔರಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಹೂ ಮಾರುವ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಗುರುತು ಹಿಡಿದುಬಿಟ್ಟಳು.

“ನೀ ಅರಬಿ ಅಂಗಡಿ ಸುಶೀಲಕುಮಾರನ ಹೆಂಡ್ತಿ ಅಲ್ಲೇನ? ಅಂವ ತೀರ್ಕೊಂಡ ಸುದ್ದಿ ಹತ್ತಿತ್ತಿಲ್ಲೋ? ನಿನಗ ಕೊರಗಿ ಕೊರಗಿ ಕುಡದು ಸತ್ತ. ಅಂಥ ಪ್ರೀತಿ ಮಾಡಾಂವ ಮತ್ತ ಹುಟ್ಟಂಗಿಲ್ಲ. ನೀ ಕಲ್ಲಾಗಿಬಿಟ್ಟಿ ನೋಡವ್ವಾ.”

ಗಂಡ ಸತ್ತಿದ್ದು ಸಿದ್ದೇಶ್ವರಿಗೆ ಗೊತ್ತಿತ್ತು. ಇಷ್ಟು ವರ್ಷದ ಮೇಲೂ ಊರು ಅವನ ಕಥೆಯನ್ನೇ ಹೇಳುತ್ತಿದೆ, ತನ್ನ ಬೆರಳಿನ ಕಥೆ ಯಾರ ಬಾಯಲ್ಲೂ ಇಲ್ಲ ಎಂಬುದು ಗೊತ್ತಿರಲಿಲ್ಲ. ಆಕೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅರಿಷಿಣದ ಮನೆ ಎಲ್ಲಿ ಎಂದು ಮುದುಕಿಯನ್ನೇ ಕೇಳಿ ನಡೆದಳು.

ಮದುವೆ ಮನೆಯ ಅಂಗಳದಲ್ಲಿ ರವಿಕಿರಣ ಗಂಡಸರ ನಡುವೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಕುಂಕುಮ. ಸಿದ್ದೇಶ್ವರಿಯನ್ನು ಕಂಡವನೇ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ.

“ಅಕ್ಕಾರ, ನಿಮ್ಮ ಬಗ್ಗೆ ಭಾಳ ಹೇಳ್ಯಾಳ್ರಿ. ಅಕಿ ಅಂದ್ರ ನನಗ ಜೀವ. ನೀವು ಹಿರೇರು. ಕ್ಲಾಸಿಗಿ ಯಾರ್ ಬರ್ತಾರ, ಯಾರ್ ಹೋಗ್ತಾರ, ಸ್ವಲ್ಪ ನನಗ ತಿಳಸ್ತಾ ಇರ್ರಿ.”

ಅದೇ ಮೆತ್ತನೆಯ ದನಿ. ಸಿದ್ದೇಶ್ವರಿಗೆ ಒಂದು ಗಳಿಗೆ ಯಾವ ಕಾಲದಲ್ಲಿ ನಿಂತಿದ್ದೇನೆಂಬುದೇ ತಿಳಿಯಲಿಲ್ಲ. ಸುಧಾರಿಸಿಕೊಂಡು, ಕಂಬಕ್ಕೆ ಒರಗಿ ಕೂತಿದ್ದ ಮನಿಷಾಳ ತಂದೆಯ ಹತ್ತಿರ ಹೋದಳು.

“ಬಕ್ಕಪ್ಪ ಅಣ್ಣಾ, ಮಗಳ ಕೈ ನೋಡೀರೇನು?”

ಮನಿಷಾಳನ್ನು ಹೊರಗೆ ಕರೆಸಿದರು. ಮಣಿಕಟ್ಟಿಗೆ ಸುತ್ತಿದ್ದ ಕರವಸ್ತ್ರ ಕೆಂಪಾಗಿತ್ತು. ಬಕ್ಕಪ್ಪ ಅದನ್ನು ಬಿಚ್ಚಿದ. ಬಳೆಯ ಚೂರುಗಳು ಕಚ್ಚಿದ ಗುರುತು ಸಾಲಾಗಿ ಕಾಣುತ್ತಿತ್ತು. ಸುತ್ತ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಬಕ್ಕಪ್ಪ ನಗಲಿಲ್ಲ.

“ನೀ ಒತ್ತಿದ್ದೇನು?” ಎಂದು ಅಳಿಯನಾಗಬೇಕಿದ್ದವನನ್ನು ಕೇಳಿದ.

“ಪ್ರೀತಿಲಿಂದ ಹಿಡದಿದ್ದೆ ಮಾವಾ.”

ಬಕ್ಕಪ್ಪ ಮಗಳ ಕಡೆ ತಿರುಗಿದ. “ನೀ ಹೇಳವ್ವಾ. ನಿನಗೇನ್ ಅನ್ಸತದ?”

ಮನಿಷಾ ಮೊದಲು ಸಿದ್ದೇಶ್ವರಿಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು. “ಬ್ಯಾಡ ಅಪ್ಪಾ. ನನಗ ಅಂಜಿಕಿ ಬರ್ತದ.”

ಆ ಮಾತು ಮುಗಿಯುವಷ್ಟರಲ್ಲಿ ರವಿಕಿರಣ ತಟ್ಟೆ ಎಸೆದಿದ್ದ. ತರಕಾರಿ ಹೆಚ್ಚುತ್ತಿದ್ದವರ ಕೈಯಿಂದ ಚಾಕು ಕಸಿದು ತನ್ನ ಮಣಿಕಟ್ಟಿಗೆ ಹಿಡಿದುಕೊಂಡ. “ಇಲ್ಲೇ ಸಾಯ್ತೇನಿ! ನೀ ಹೂಂ ಅನ್ನೂ ತನ ಬಿಡಂಗಿಲ್ಲ. ನೀ ನನ್ನಾಕಿ!” ಹೆಂಗಸರು ಕಿರುಚಿದರು. ಮನಿಷಾಳ ತಾಯಿ ಗಂಗುಬಾಯಿ ಮಗಳ ಗಲ್ಲ ಹಿಡಿದು, “ಹೂಂ ಅಂದುಬಿಡವ್ವಾ, ಹುಡುಗ ಸಾಯ್ತಾನ!” ಎಂದು ಅಳತೊಡಗಿದಳು.

ಮನಿಷಾ ಬಿಳಿಚಿಕೊಂಡು ನಿಂತಿದ್ದಳು. ಅಳಲಿಲ್ಲ. ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: “ಇದೂ ಸಾಹೇಬನ ಕಥಿನ್ಯಾಗ ಬಂದಿತ್ರಿ ಅಕ್ಕಾ. ಹಿಂಗೇ. ಆ ದಿನ ನಾ ಖುಷಿಲಿಂದ ಅತ್ತಿದ್ದೆ.”

ಬಕ್ಕಪ್ಪ ಹಿಂದಿನಿಂದ ಹೋಗಿ, ತೋಳವನ್ನು ಹಿಡಿಯುವ ಹಾಗೆ ಹುಡುಗನ ರಟ್ಟೆಯನ್ನು ತಿರುವಿದ. ಚಾಕು ನೆಲಕ್ಕೆ ಬಿತ್ತು. ಗಂಡಸರು ಅವನನ್ನು ಹಿಡಿದು ಕೂರಿಸಿದರು. ಅವನ ಮನೆಯವರಿಗೆ ಫೋನು ಹೋಯಿತು. ಅವನ ಅಣ್ಣ ಬಂದು, ಯಾರ ಮುಖವನ್ನೂ ನೋಡದೆ ಕರೆದುಕೊಂಡು ಹೋದ.

ನಿಶ್ಚಯ ಮುರಿಯಿತು. ಹಾಗೆಂದು ಯಾರೂ ಸಿದ್ದೇಶ್ವರಿಗೆ ಕೈಮುಗಿಯಲಿಲ್ಲ. ಗಂಡನನ್ನು ಬಿಟ್ಟವಳು ಬೇರೆಯವರ ಮನೆಯನ್ನೂ ಮುರಿದಳು ಎಂಬ ಮಾತು ಭಾಲ್ಕಿಯ ತನಕ ಬಂತು. ಇಬ್ಬರು ಹುಡುಗಿಯರನ್ನು ಮನೆಯವರು ಕ್ಲಾಸು ಬಿಡಿಸಿದರು. ಗಂಗುಬಾಯಿ ಬಹಳ ದಿನ ಮಗಳ ಜೊತೆ ಮಾತೇ ಆಡಲಿಲ್ಲ. ಉಳಿದ ಹುಡುಗಿಯರು ಕಥೆ ಕೇಳುವುದನ್ನೇನೂ ನಿಲ್ಲಿಸಲಿಲ್ಲ. ಆದರೆ ಈಗ ಸಾಹೇಬ ಬಾಗಿಲಿಗೆ ಕೀಲಿ ಹಾಕಿದರೆ ಸಪನಾ, “ಮುನೀರೋದ್ದೀನ ಚಾಚಾಗ ಕರೀರಿ ಯಾರರೆ!” ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕಿಟಕಿಯ ಬಳಿಯ ಮಷೀನಿಗೆ ಮರಳಿ ಬಂದಿದ್ದ ಮನಿಷಾ ಮಾತ್ರ ನಗುತ್ತಿರಲಿಲ್ಲ.

ದಸರೆಯ ಆಚೀಚೆ ಸುದ್ದಿ ಬಂತು. ರವಿಕಿರಣನಿಗೆ ಬೇರೆ ಕಡೆ ಹುಡುಗಿ ಗೊತ್ತಾಗಿದ್ದಾಳೆ, ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರ ಮಗಳು, ಹೆಸರು ಶಶಿಕಲಾ. ಸಿದ್ದೇಶ್ವರಿ ಕತ್ತರಿ ಕೆಳಗಿಟ್ಟು, “ನಾ ಹೋಗಿ ಆ ಹುಡುಗಿಗಿ ಹೇಳಿ ಬರ್ತೇನಿ,” ಎಂದು ಎದ್ದಳು.

“ಬ್ಯಾಡ್ರಿ ಅಕ್ಕಾ. ನಿಮಗ ಮನಿ ಮುರಿಯಾಕಿ ಅಂತಾರ,” ಅಂದಳು ಮನಿಷಾ. “ನಾ ಹೋಗ್ತೇನಿ. ನನ್ನ ಕೈ ಮ್ಯಾಲ ಗುರುತದ.”

ಸಂಜೆಗೆ ಅವಳು ವಾಪಸು ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನೆಲದ ಮೇಲೆ ಕೂತಳು.

“ಎಲ್ಲಾ ಹೇಳ್ದೆರಿ. ಕೈ ತೋರಿಸ್ದೆ. ಅಕಿ ನನಗ, ನೀನೇ ಏನರೆ ತಪ್ಪು ಮಾಡಿರಬೇಕು, ನನ್ನ ಕೂಡ ಹಂಗ ಮಾಡಂಗಿಲ್ಲ, ನಾ ಬದಲಿ ಮಾಡ್ತೇನಿ ಅಂತಾಳ್ರಿ. ಮೊದಲ ನಾ ಅಂತಿದ್ದ ಮಾತೇ. ಅದೇ ಮಾತು!”

“ಮತ್ತ?”

“ಎದ್ದು ಬರೂ ಮುಂದ ನನ್ನ ನಂಬರ್ ಕೇಳಿದ್ಳು. ಕೊಟ್ಟೆ.” ಮನಿಷಾ ಸಿದ್ದೇಶ್ವರಿಯ ಮುಖ ನೋಡಿದಳು. “ನನ್ನ ಹೆಸರಿಲೆ ಇಟ್ಕೊಳ್ಳಿಲ್ರಿ. ‘ಟೇಲರ್’ ಅಂತ ಸೇವ್ ಮಾಡ್ಕೊಂಡ್ಳು. ಯಾಕ ಅಂದ್ರ, ಅವರು ದಿನಾ ನನ್ನ ಫೋನ್ ನೋಡ್ತಾರ ಅಂದ್ಳು.”

ಸಿದ್ದೇಶ್ವರಿ ಅವಳ ಎದುರು ನೆಲದ ಮೇಲೆ ಕೂತಳು. ಆಮೇಲೆ ಕೇಳಿದಳು: “ಹಂಗಾದ್ರ ಅಂವ ಎಂಥಾಂವ ಅಂತ ಅಕೀಗಿ ಗೊತ್ತಾಗ್ಯಾದ ಅಂದಂಗಾಯ್ತು?”

“ಗೊತ್ತಾಗ್ಯಾದರಿ,” ಅಂದಳು ಮನಿಷಾ. “ಫೋನ್ ಮಾಡ್ತಾಳ. ಫೋನ್ ಬಂದ್ರ ನಾ ಎಲ್ಲೇ ಇದ್ರೂ ಹೋಗ್ತೇನಿ.”